ಅತ್ತೆಯ ನಾಲಿಗೆ ಸತ್ತ ವರ್ಷ

ಸೋರೆಕಾಯಿ ಹೆಚ್ಚುವ ಮೊದಲು ತೊಟ್ಟಿನ ಕಡೆಯಿಂದ ಒಂದು ಚೂರು ಕೊಯ್ದು ಬಾಯಿಗೆ ಹಾಕಿಕೊಳ್ಳದೆ ನಾನು ಯಾವತ್ತೂ ಒಲೆಯ ಮೇಲೆ ಪಾತ್ರೆ ಇಟ್ಟವಳಲ್ಲ. ನನ್ನ ಸೊಸೆಗೆ ಇದೊಂದು ತಮಾಷೆ. "ಅಂಗಡಿಯಿಂದ ತಂದಿದ್ದು ಅತ್ತೆ, ಅದ್ರಲ್ಲೇನು ನೋಡ್ತೀರಿ" ಎಂದು ನಗುತ್ತಿದ್ದಳು. ಹೋದ ವಾರ ಅವಳ ನಗು ನಿಂತಿತು. ಒಳ್ಳೆ ಎಳೆಯ ಕಾಯಿ, ಉಗುರು ಊರಿದರೆ ಸಲೀಸಾಗಿ ಇಳಿಯುತ್ತಿತ್ತು. ಚೂರು ನಾಲಿಗೆಗೆ ತಾಗಿದ್ದೇ ತಡ, ಕಹಿ ಗಂಟಲಿನವರೆಗೂ ಇಳಿಯಿತು. ಉಗಿದೆ, ಬಾಯಿ ತೊಳೆದೆ, ಕಾಯನ್ನು ಅಷ್ಟೂ ಕಸದ ಬುಟ್ಟಿಗೆ ಹಾಕಿಸಿದೆ. "ಉಪ್ಪು ಹಾಕಿ ಹಿಂಡಿದ್ರೆ ಹೋಗ್ತಿತ್ತೇನೋ" ಎಂದಳು ಸೊಸೆ. ನನಗೆ ರೇಗಿಹೋಯಿತು. ಹಾಗಲಕಾಯಿಯ ಕಹಿ ಬೇರೆ, ಸೋರೆಯ ಕಹಿ ಬೇರೆ, ಇದು ಕರುಳನ್ನೇ ಹಿಂಡಿಬಿಡುತ್ತದೆ ಎಂದು ಕೂಗಾಡಿಬಿಟ್ಟೆ. ಪಾಪ, ಹುಡುಗಿ ಹೆದರಿದಳು. ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತೆ. ಬಾಯಿ ಎಷ್ಟು ಮುಕ್ಕಳಿಸಿದರೂ ಆ ಕಹಿ ಹೋಗಲಿಲ್ಲ. ಅದರ ಹಿಂದೆಯೇ ಪಿಳ್ಳಮ್ಮನವರ ನೆನಪು ಬಂತು.

ಪಿಳ್ಳಮ್ಮ ನನ್ನ ಅತ್ತೆ. ನಾನು ಮದುವೆಯಾಗಿ ಬಂದ ಊರು ದೇವನಹಳ್ಳಿ ತಾಲೂಕಿನಲ್ಲಿ, ಆವತಿ ಬೆಟ್ಟ ಕಣ್ಣಳತೆಯಲ್ಲಿರುವ ಒಂದು ಹಳ್ಳಿ. ನನ್ನ ತವರು ದೊಡ್ಡಬಳ್ಳಾಪುರದ ಕಡೆ. ಮಿಡ್ಲ್ ಸ್ಕೂಲಿನವರೆಗೆ ಓದಿದ್ದೆ, ಹಾಗಾಗಿ ನನಗೆ ಎಲ್ಲ ಗೊತ್ತು ಎಂದುಕೊಂಡೇ ಬಂದಿದ್ದೆ. ಆಗ ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೆ ಪರದಾಟ, ಬಟ್ಟೆಗೆ ಪರದಾಟ, ಬೆಳೆದ ರಾಗಿಯಲ್ಲಿ ಸರ್ಕಾರಕ್ಕೆ ಇಷ್ಟು ಅಂತ ಅಳೆದು ಕೊಡಬೇಕು. ಆದರೆ ಬಾವಿ ಇದ್ದವರಿಗೆ ಒಂದು ದಾರಿ ತೆರೆದಿತ್ತು. ಬೆಂಗಳೂರಿನ ಸುತ್ತ ಮಿಲಿಟರಿ ಕ್ಯಾಂಪುಗಳು ಎದ್ದಿದ್ದವು. ಅವರಿಗೆ ತರಕಾರಿ ಒದಗಿಸುವ ಮೇಸ್ತ್ರಿಯೊಬ್ಬ ದಿಣ್ಣೆಯ ರಸ್ತೆಗೆ ಲಾರಿ ತಂದು ನಿಲ್ಲಿಸುತ್ತಿದ್ದ. ಸೋರೆ, ಕುಂಬಳ, ಬದನೆ, ಎಷ್ಟಿದ್ದರೂ ತುಂಬಿಕೊಂಡು ಹೋಗುತ್ತಿದ್ದ. ಅವನದು ಒಂದೇ ಮಾತು. ಒಂದು ಕಾಯಿ ಕಹಿ ಬಂದು ಒಬ್ಬ ಸಿಪಾಯಿ ಮಲಗಿದರೂ ಇಡೀ ಊರಿನ ತರಕಾರಿ ಬಂದ್. ಮೇಸ್ತ್ರಿ ಸುಮ್ಮನೆ ಹೆದರಿಸುತ್ತಿರಲಿಲ್ಲ. ಪಕ್ಕದ ಹಳ್ಳಿಯಲ್ಲಿ ಕಹಿ ಸೋರೆಯ ಪಲ್ಯ ತಿಂದು ಒಬ್ಬ ಮುದುಕ ರಕ್ತ ಕಾರಿ ಸತ್ತಿದ್ದು ಎಲ್ಲರ ಮನಸ್ಸಿನಲ್ಲೂ ಇತ್ತು.

ಊರಿನ ತೋಟಗಳಿಗೆಲ್ಲ ಬೀಜ ಹೋಗುತ್ತಿದ್ದದ್ದು ನಮ್ಮ ಮನೆಯಿಂದ. ಅತ್ತೆಯ ಅಡುಗೆಮನೆಗೆ ಕಾಲಿಟ್ಟರೆ ತಲೆಗೆ ಬಡಿಯುತ್ತಿದ್ದದ್ದು ಒಲೆಯ ಮೇಲೆ ತೂಗುಹಾಕಿದ್ದ ಒಣ ಹೀರೆಕಾಯಿಗಳು. ಗೋಡೆಯ ಮೇಲೆ ಸಗಣಿಯಲ್ಲಿ ಕಲಸಿ ಬಡಿದ ಸೌತೆ ಬೀಜ. ಮಡಕೆಗಳಲ್ಲಿ ಬೂದಿಯ ಜೊತೆ ಬದನೆ, ಮೆಣಸಿನ ಬೀಜ. ಹರಳೆಣ್ಣೆ ಸವರಿದ ಅವರೆ. ಇನ್ನೊಂದು ಮೂಲೆಯಲ್ಲಿ ಕೊತ್ತಂಬರಿ, ಸಬ್ಬಸಿಗೆ, ಕಾಮಕಸ್ತೂರಿ, ಚೆಂಡು ಹೂವಿನ ಒಣ ತಲೆಗಳು. ನಾನು ಹೊಸತರಲ್ಲಿ ದಪ್ಪ ಕಾಯಿ, ದೊಡ್ಡ ಹೂವು ನೋಡಿ "ಇದನ್ನ ಬೀಜಕ್ಕೆ ಬಿಡೋಣ ಅತ್ತೆ" ಎನ್ನುತ್ತಿದ್ದೆ. "ದಪ್ಪ ನೋಡಿ ಮರುಳಾಗ್ತೀಯಲ್ಲೇ" ಎಂದು ಗದರುತ್ತಿದ್ದರು. ಬದನೆಯಲ್ಲಿ ಗಿಡದ ಮೊದಲ ಕಾಯಿಯೂ ಬೇಡ, ಕೊನೆಯದೂ ಬೇಡ, ನಡುವಿನದು ಬೇಕು. ಕೊತ್ತಂಬರಿಯಲ್ಲಿ ಬೇಗ ಹೂ ಬಿಟ್ಟದ್ದನ್ನು ಕಿತ್ತು ಸಾರಿಗೆ ಹಾಕಬೇಕು, ಹೂ ಬಿಡಲು ತಡಮಾಡುವ ಗಿಡವನ್ನು ಬೀಜಕ್ಕೆ ಉಳಿಸಬೇಕು, ಇಲ್ಲದಿದ್ದರೆ ಬರುಬರುತ್ತಾ ಸೊಪ್ಪೇ ಇಲ್ಲದ ಕೊತ್ತಂಬರಿಯಾಗುತ್ತದೆ. ನನಗೆ ಮೊದಮೊದಲು ಇದೆಲ್ಲ ಅತ್ತೆಯ ಜಂಬ ಎನಿಸಿತ್ತು. ಆಮೇಲೆ ನಾನೂ ಅದರಲ್ಲೇ ಮುಳುಗಿಹೋದೆ.

ಸೋರೆಯದು ಮಾತ್ರ ಕಣ್ಣಿನ ಕೆಲಸವಲ್ಲ, ನಾಲಿಗೆಯ ಕೆಲಸ. ಕಹಿ ಸೋರೆಯನ್ನೂ ಸಿಹಿ ಸೋರೆಯನ್ನೂ ಪಕ್ಕಪಕ್ಕ ಇಟ್ಟರೆ ದೇವರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಪ್ರತಿ ಬಳ್ಳಿಯ ಮೊದಲ ಎಳೆಗಾಯಿಯ ಚೂರನ್ನು ಅಗಿದು ನೋಡಬೇಕು. ಸಿಹಿಯಾದರೆ ಹಳೇ ಸೀರೆಯ ಅಂಚನ್ನು ಬಳ್ಳಿಗೆ ಕಟ್ಟಿ, ಮುಂದಿನ ಕಾಯಿಯನ್ನು ಬೀಜಕ್ಕೆ ಒಣಗಲು ಬಿಡುವುದು. ಕಹಿಯಾದರೆ ಆ ಕ್ಷಣವೇ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಡುವುದು. ತನ್ನ ತೋಟದ ಬಳ್ಳಿಯನ್ನು ತಾನೇ ನೋಡಬಾರದು ಎಂಬುದು ಅಲ್ಲಿಯ ಕಟ್ಟುಪಾಡು. ನೀರು ಹೊತ್ತು ಬೆಳೆಸಿದ ಬಳ್ಳಿಯನ್ನು ಕೀಳಲು ಯಾರಿಗೆ ಮನಸ್ಸು ಬಂದೀತು? ಎಲ್ಲರೂ ತಮ್ಮದು ಸಿಹಿ ಎಂದೇ ಹೇಳುತ್ತಾರೆ. ಆದ್ದರಿಂದ ಊರಿಗೆಲ್ಲ ಒಂದೇ ನಾಲಿಗೆ, ನಮ್ಮ ಅತ್ತೆಯದು. ಅವರೊಬ್ಬರಿಗೆ ಮಾತ್ರ ತಮ್ಮ ಬಳ್ಳಿಯನ್ನೂ ತಾವೇ ನೋಡಿಕೊಳ್ಳಲು ಊರು ಒಪ್ಪಿತ್ತು. ಯಾಕೆಂದರೆ ಒಂದು ವರ್ಷ ತಮ್ಮ ತೋಟದ ಹಂದರದ ಅತಿ ಒಳ್ಳೆಯ ಬಳ್ಳಿಯನ್ನು ಎಲ್ಲರೆದುರು ಕಿತ್ತೆಸೆದಿದ್ದರಂತೆ. ಅಂದಿನಿಂದ ಪಿಳ್ಳಕ್ಕ ಸಿಹಿ ಎಂದರೆ ಸಿಹಿ, ಕಹಿ ಎಂದರೆ ಕಹಿ. ಆ ಮಾತಿನ ಮೇಲೆ ಅತ್ತೆಗೆ ಇದ್ದ ಅಭಿಮಾನ ಮೈಮೇಲಿನ ಒಡವೆಯ ಮೇಲೂ ಇರಲಿಲ್ಲ.

ನಾನು ಚೊಚ್ಚಲ ಬಸುರಿಯಾದ ವರ್ಷದ ಹಿಂದಿನ ವರ್ಷ ಚಿಕ್ಕತ್ತೆ ಒಂದು ಕೆಲಸ ಮಾಡಿದ್ದರು. ಚಿಕ್ಕತ್ತೆ ಅಂದರೆ ನನ್ನ ಮಾವನ ತಮ್ಮನ ಹೆಂಡತಿ, ಅಕ್ಕಯ್ಯಮ್ಮ. ಪಾಲಾದ ಮೇಲೆ ಅವರ ತೋಟ ನಮ್ಮ ತೋಟಕ್ಕೆ ಅಂಟಿಕೊಂಡೇ ಇತ್ತು, ಮಧ್ಯೆ ಕಳ್ಳಿಯ ಬೇಲಿ. ತವರಿನಿಂದ ಬುರುಡೆ ಸೋರೆಯ ಬೀಜ ತಂದು ಆ ಬೇಲಿಗೆ ಹಬ್ಬಿಸಿದರು. ತಿನ್ನುವ ಸೋರೆಯಲ್ಲ ಅದು, ಶುದ್ಧ ಕಹಿ. ಒಣಗಿಸಿ ತಿರುಳು ತೆಗೆದರೆ ನೀರು ತುಂಬಲು, ಬಾವಿಯಲ್ಲಿ ಈಜು ಕಲಿಯುವ ಹುಡುಗರ ಬೆನ್ನಿಗೆ ಕಟ್ಟಲು ಗಟ್ಟಿ ಬುರುಡೆಯಾಗುತ್ತದೆ. ಯುದ್ಧ ಬಂದು ಪಾತ್ರೆಪಗಡ ಸಿಗದಂತಾದ ಮೇಲೆ ಬುರುಡೆಗೆ ಎಲ್ಲಿಲ್ಲದ ಬೇಡಿಕೆ. "ಕಿತ್ತಾಕೇ ಅಕ್ಕಯ್ಯ, ಅದ್ರ ಹೂವಿನ ಸೋಂಕು ನಮ್ಮ ಬಳ್ಳಿಗೆ ತಾಗುತ್ತೆ" ಎಂದರು ಅತ್ತೆ. "ನನ್ ಬೇಲಿ, ನನ್ ಬಳ್ಳಿ. ಗಾಳಿಗೂ ನೀನೇ ಯಜಮಾನಿಯೇನಕ್ಕಾ?" ಎಂದರು ಚಿಕ್ಕತ್ತೆ. ಸೋರೆ ಹೂವು ಸಂಜೆಗೆ ಬೆಳ್ಳಗೆ ಅರಳುತ್ತದೆ, ಹುಳಗಳು ಬೇಲಿ ನೋಡುವುದಿಲ್ಲ. ಆ ವರ್ಷದ ಕಾಯಿಗೆ ಏನೂ ಆಗಲಿಲ್ಲ, ಅದರ ಬೀಜದೊಳಗೆ ಕಹಿ ಹೊಕ್ಕಿತ್ತು. ಮರುವರ್ಷ ಆ ಬೀಜವನ್ನೇ ಊರೆಲ್ಲ ಬಿತ್ತಿದ್ದರು. ಅಂದರೆ ಎಳೆಗಾಯಿ ಬಿಡುವ ಆ ಪುಷ್ಯ ಮಾಸದಲ್ಲಿ ಎಂದಿಗಿಂತ ಹೆಚ್ಚು ಕಹಿ ಬಳ್ಳಿಗಳು ಬರುವುದಿತ್ತು, ಎಂದಿಗಿಂತ ಹೆಚ್ಚು ಅತ್ತೆಯ ನಾಲಿಗೆ ಬೇಕಿತ್ತು.

ಕಾರ್ತೀಕದಲ್ಲಿ ಅತ್ತೆಗೆ ಚಳಿಜ್ವರ ಬಂತು. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ದೇವನಹಳ್ಳಿ ಆಸ್ಪತ್ರೆಯಿಂದ ಮಾವ ಗುಳಿಗೆ ತಂದರು. ಜ್ವರ ಬಿಟ್ಟಿತು, ಅತ್ತೆ ಎದ್ದು ಓಡಾಡಿದರು, ನಾವು ನೆಮ್ಮದಿಯ ಉಸಿರು ಬಿಟ್ಟೆವು. ಆಮೇಲೆ ಒಂದು ದಿನ ಊಟಕ್ಕೆ ಕೂತ ಮಾವ ಸಾರು ಕಲಸಿದ ಮುದ್ದೆಯನ್ನು ಪಕ್ಕಕ್ಕೆ ತಳ್ಳಿದರು. "ಏನೇ ಇದು, ಉಪ್ಪಿನ ಮೂಟೆನೇ ಸುರಿದಿದ್ದೀಯಾ?" ಎಂದರು. "ಜಯ ಇನ್ನೊಂದ್ಸಲ ಹಾಕಿರ್ತಾಳೆ" ಎಂದರು ಅತ್ತೆ, ನನ್ನ ಮುಖ ನೋಡದೆ. ನಾನು ಒಲೆಯ ಹತ್ತಿರಕ್ಕೂ ಹೋಗಿರಲಿಲ್ಲ. ಮೈಯೆಲ್ಲ ಉರಿದುಹೋಯಿತು, ಆದರೆ ಹೊಸ ಸೊಸೆ, ಮಾವನಿಗೆ ಮಜ್ಜಿಗೆ ಬಡಿಸಿದೆ. ಅವತ್ತಿನಿಂದ ಅವರ ಮೇಲೆ ಕಣ್ಣಿಟ್ಟೆ. ಸಬ್ಬಸಿಗೆಯ ಎಲೆಯನ್ನು ಉಜ್ಜಿ ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ಹಾಗೇ ನಿಲ್ಲುತ್ತಿದ್ದರು. ಏನನ್ನೋ ನೆನಪು ಮಾಡಿಕೊಳ್ಳುವವರ ಹಾಗಿರುತ್ತಿತ್ತು ಮುಖ.

ನಾನಾಗ ಬಸುರಿ, ಚೊಚ್ಚಲು. ಪುಷ್ಯದ ಒಂದು ಬೆಳಗ್ಗೆ, ಮಂಜು ಇನ್ನೂ ಬಾವಿಯ ಮೇಲೆ ಕೂತಿರುವಾಗ, ನಮ್ಮ ತೋಟದಲ್ಲೇ ಬಳ್ಳಿ ನೋಡುವ ಕೆಲಸ ಶುರುವಾಯಿತು. ಕುಡುಗೋಲು ಹಿಡಿದುಕೊಂಡು ನಾನು ಹಿಂದೆ ಹೋಗಿದ್ದೆ. ಅತ್ತೆ ಮೊದಲ ಬಳ್ಳಿಯ ಕಾಯಿಯ ಚೂರು ಅಗಿದು "ಸಿಹಿ, ಕಟ್ಟು" ಎಂದರು. ಕುಡುಗೋಲಿಗೆ ಅಂಟಿದ್ದ ಇನ್ನೊಂದು ಚೂರನ್ನು ನಾನು ಸುಮ್ಮನೆ ಬಾಯಿಗೆ ಹಾಕಿಕೊಂಡೆ. ಹಾಲಾಹಲ. ಥೂ ಎಂದು ಉಗಿದುಬಿಟ್ಟೆ.

"ಏನೇ?"

"ಕಹಿ ಅತ್ತೆ. ತುಂಬಾ ಕಹಿ."

ಬೈಯುತ್ತಾರೆಂದು ನಿಂತೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಇನ್ನೊಂದು ಚೂರು ಕೊಯ್ದು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ನುಣ್ಣಗಾಗುವವರೆಗೂ ಅಗಿದರು. ಆಮೇಲೆ ಬದುವಿನ ಮೇಲೆ ಕುಸಿದು ಕೂತರು. "ಏನೂ ಗೊತ್ತಾಗ್ತಿಲ್ಲ ಕಣೇ. ಒಣ ಹುಲ್ಲು ಅಗಿದಂಗದೆ" ಎಂದರು. ಅಷ್ಟು ಗಟ್ಟಿ ಹೆಂಗಸಿನ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಾರಿನ ಸಿಟ್ಟೆಲ್ಲ ಇಳಿದುಹೋಗಿ ಅಳುವೇ ಬಂತು.

"ಊರವರಿಗೆ ಹೇಳ್ಬಿಡೋಣ ಅತ್ತೆ" ಎಂದೆ.

"ಹುಚ್ಚಿ. ನಾನು ಆಗಲ್ಲ ಅಂದ್ರೆ ಎಲ್ರೂ ಅವರವರ ಬಳ್ಳೀನ ಅವರೇ ನೋಡ್ಕೋತಾರೆ. ಎಲ್ಲಾನೂ ಸಿಹಿ ಆಗ್ಬಿಡುತ್ತೆ. ಯಾರಾದ್ರೂ ಸಾಯ್ತಾರೆ. ಲಾರಿನೂ ಬರಲ್ಲ." ಬೇಲಿಯ ಆಚೆ ಕಡೆ ನೋಡಿ, "ಅಕ್ಕಯ್ಯಂಗೆ ಗೊತ್ತಾದ್ರೆ ಊರೆಲ್ಲ ಸಾರಿ ನಗ್ತಾಳೆ" ಎಂದರು. ಎರಡೂ ನಿಜವೇ. ಯಾವುದು ಹೆಚ್ಚು ನಿಜ ಎಂದು ನನಗೆ ಅವತ್ತೇ ಗೊತ್ತಾಯಿತು. ಆ ಬಳ್ಳಿಯನ್ನು ಬೇರುಸಹಿತ ಕಿತ್ತುಹಾಕಿದೆ.

ಉಪಾಯ ಅವರದೇ. ಬಸುರಿ ಬಾಯಿಬಿಟ್ಟು ಕೇಳಿದ ತಿನಿಸನ್ನು ಯಾರೂ ಇಲ್ಲ ಎನ್ನುವಂತಿಲ್ಲ. ಪ್ರತಿ ಬಳ್ಳಿಯ ಹತ್ತಿರವೂ ನಾನು "ಅತ್ತೆ, ನಂಗೂ ಒಂದ್ ಚೂರು" ಎನ್ನಬೇಕು. ಇಬ್ಬರೂ ಒಟ್ಟಿಗೆ ಅಗಿಯಬೇಕು. ಕಹಿಯಾದರೆ ನಾನು ಚಳಿಗೆಂಬಂತೆ ಸೆರಗನ್ನು ತಲೆಗೆ ಹೊದ್ದುಕೊಳ್ಳಬೇಕು. ಅದನ್ನು ನೋಡಿ ಅತ್ತೆ ಹೇಳುತ್ತಾರೆ. "ನುಂಗ್ಬೇಡ ಮಾತ್ರ. ಉಗಿದ್ಬಿಡು. ಹೊಟ್ಟೇಲಿ ಮಗು ಅದೆ" ಎಂದು ಮತ್ತೆ ಮತ್ತೆ ಹೇಳಿದರು. ಕಹಿ ಸೋರೆಯ ರಸ ಹೊಟ್ಟೆಗೆ ಹೋದರೆ ಬಸಿರು ನಿಲ್ಲುವುದಿಲ್ಲ ಎಂದು ಅಲ್ಲಿ ಎಲ್ಲ ಹೆಂಗಸರೂ ನಂಬಿದ್ದರು. ಅದು ಗೊತ್ತಿದ್ದೂ ನನ್ನನ್ನು ಕರೆದುಕೊಂಡು ಹೋದರು, ಗೊತ್ತಿದ್ದೂ ನಾನು ಹೋದೆ. ಆಗಿನ ನನ್ನ ವಯಸ್ಸಿಗೆ ಅದೊಂದು ದೊಡ್ಡ ಸಾಹಸ ಎನಿಸಿತ್ತು. ಅತ್ತೆ ಮೊಟ್ಟಮೊದಲ ಬಾರಿಗೆ ನನ್ನನ್ನು ನಂಬಿದ್ದರು.

ಹೀಗೆ ತೋಟದಿಂದ ತೋಟಕ್ಕೆ ತಿರುಗಿದೆವು. ಹೆಂಗಸರು ಸುತ್ತ ನಿಂತು ಅತ್ತೆಯ ಬಾಯನ್ನೇ ನೋಡುತ್ತಿದ್ದರು, ಅತ್ತೆ ನನ್ನ ಸೆರಗನ್ನು ನೋಡುತ್ತಿದ್ದರು. ನಾನು ಮುಖ ಕಿವುಚದೆ ಅಗಿಯುವುದನ್ನು, ಯಾರೂ ನೋಡದಾಗ ಅತ್ತ ತಿರುಗಿ ಉಗಿಯುವುದನ್ನು ಅಭ್ಯಾಸ ಮಾಡಿಕೊಂಡೆ. "ನಿನ್ ಸೊಸೆಗೆ ಒಳ್ಳೇ ಬಯಕೆ ಕಣಕ್ಕಾ, ಮಾವಿನಕಾಯಿ ಬಿಟ್ಟು ಹಸಿ ಸೋರೆ ಕೇಳ್ತಾಳೆ" ಎಂದು ನಗುತ್ತಿದ್ದರು. ಕಿತ್ತ ಬಳ್ಳಿಗಳು ಬದುವಿನ ಮೇಲೆ ರಾಶಿ ಬೀಳುತ್ತಿದ್ದವು. ಪ್ರತಿಯೊಂದನ್ನೂ ಕೀಳುವಾಗ ಆ ಮನೆಯವಳ ಮುಖ ಸಣ್ಣಗಾಗುತ್ತಿತ್ತು, ಆದರೂ ಯಾರೂ ಎದುರಾಡಲಿಲ್ಲ. ಸಂಜೆ ಮನೆಗೆ ಬಂದರೆ ನನಗೆ ಹೊಟ್ಟೆಯಲ್ಲಿ ತೊಳೆಸು, ಊಟ ಬೇಡ. ಅತ್ತೆ ಮೊಸರಿನ ಕೆನೆ ತೆಗೆದು ನನ್ನ ತಟ್ಟೆಗೆ ಹಾಕುತ್ತಿದ್ದರು. ನಮ್ಮ ಯಜಮಾನರಿಗೆ ಇದು ಯಾವುದೂ ಗೊತ್ತಿಲ್ಲ. "ಅತ್ತೆ ಸೊಸೆ ಇಷ್ಟು ಒಂದಾಗಿಬಿಟ್ರೆ ಭಯ ಆಗುತ್ತೆ" ಎಂದು ತಮಾಷೆ ಮಾಡುತ್ತಿದ್ದರು.

ಚಿಕ್ಕತ್ತೆ ಮಾತ್ರ ನಗುತ್ತಿರಲಿಲ್ಲ. ನಾವು ಯಾವ ತೋಟಕ್ಕೆ ಹೋದರೂ ಅಲ್ಲಿ ಯಾವುದೋ ನೆಪದಲ್ಲಿ ಬಂದು ನಿಂತಿರುತ್ತಿದ್ದರು. ಒಮ್ಮೆ ಬಾವಿಯ ಹತ್ತಿರ ನನ್ನನ್ನೇ ಹಿಡಿದು, "ಅಕ್ಕ ಮುಂಚೆ ಬಾಯಿಗಿಟ್ಟ ತಕ್ಷಣ ಹೇಳ್ತಿದ್ಲು. ಈ ವರ್ಷ ಯಾಕೆ ಅಷ್ಟು ಹೊತ್ತು ಮಾಡ್ತಾಳೆ ಅಮ್ಮಣ್ಣಿ?" ಎಂದರು. "ಜ್ವರ ಬಂದಿತ್ತಲ್ಲ ಚಿಕ್ಕತ್ತೆ, ಸುಸ್ತು" ಎಂದೆ. ಅವರು ನನ್ನ ಸೆರಗನ್ನೇ ನೋಡುತ್ತಿದ್ದರು. ಕೊಡ ಎತ್ತಿಕೊಂಡು ಹೊರಟುಬಿಟ್ಟೆ. ಮನೆಗೆ ಬಂದು ಅತ್ತೆಗೆ ಹೇಳಿದೆ. "ಅವಳ ತೋಟ ಒಂದು ಉಳಿದದೆ. ಅದೊಂದು ಮುಗಿದ್ಬಿಟ್ರೆ ಸಾಕು" ಎಂದರು.

ಚಿಕ್ಕತ್ತೆಯ ತೋಟಕ್ಕೆ ಹೋದ ಬೆಳಗ್ಗೆ ಬಾವಿಯ ಕಟ್ಟೆಯ ಮೇಲೆ ಊರಿನ ಹೆಂಗಸರೆಲ್ಲ ಸೇರಿದ್ದರು. ಯಾರನ್ನೂ ಕರೆದಿರಲಿಲ್ಲ, ಆದರೂ ಬಂದಿದ್ದರು. ಚಿಕ್ಕಮಾವ ಎತ್ತು ಹೂಡಿ ಬಾವಿಯ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದರು. ಎತ್ತು ಹಿಂದೆ ಸರಿದಾಗಲೆಲ್ಲ ಗಾಲಿ ಕಿರುಗುಟ್ಟುತ್ತಿತ್ತು. ಹಂದರದ ಮೊದಲ ಬಳ್ಳಿಯ ಕಾಯಿಯನ್ನು ಚಿಕ್ಕತ್ತೆ ಆಗಲೇ ಕೊಯ್ದು, ಮುತ್ತುಗದ ಎಲೆಯ ಮೇಲೆ ಹೋಳು ಮಾಡಿ ಇಟ್ಟುಕೊಂಡಿದ್ದರು. ಅತ್ತೆ ಒಂದು ಹೋಳು ತೆಗೆದುಕೊಂಡರು. ನಾನು ಎಂದಿನಂತೆ ಕೈ ಚಾಚಿ "ನಂಗೂ..." ಎನ್ನುವಷ್ಟರಲ್ಲಿ ಚಿಕ್ಕತ್ತೆ ಎಲೆಯನ್ನು ಹಿಂದಕ್ಕೆ ಎಳೆದುಕೊಂಡರು.

"ತಡಿ ಅಮ್ಮಣ್ಣಿ. ಮೊದ್ಲು ಅಕ್ಕ ಹೇಳ್ಲಿ. ನಿನ್ ಬಯಕೆ ಎಲ್ಲೂ ಓಡಿಹೋಗಲ್ಲ."

ಅತ್ತೆ ಅಗಿಯತೊಡಗಿದರು. ಅವರ ಕಣ್ಣು ನನ್ನ ಸೆರಗಿನ ಮೇಲೆ ಬಂತು, ಅಲ್ಲಿ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಕಪಿಲೆ ಏರಿತು, ನೀರು ದೊಣೆಗೆ ಸುರಿಯಿತು, ಮತ್ತೆ ಇಳಿಯಿತು. ಅತ್ತೆ ಚಿಕ್ಕತ್ತೆಯ ಮುಖ ನೋಡಿದರು, ಅಲ್ಲಿಂದಾದರೂ ಏನಾದರೂ ಗೊತ್ತಾದೀತೇನೋ ಎಂಬಂತೆ. ಕೊನೆಗೆ ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡು, "ಸಿಹಿ" ಎಂದರು.

ಚಿಕ್ಕತ್ತೆಯ ಮುಖದಲ್ಲಿ ಏನೋ ಅರಳಿತು. ಅದನ್ನು ನೋಡಿ ನನಗೆ ಎಲ್ಲ ಅರ್ಥವಾಯಿತು. ಅವರು ಬಾಯಿ ತೆರೆಯುವ ಮೊದಲೇ ನಾನು ಮುಂದೆ ಬಗ್ಗಿ ಎಲೆಯ ಮೇಲಿನ ಒಂದು ದೊಡ್ಡ ಹೋಳನ್ನೇ ಎತ್ತಿ ಬಾಯಿಗೆ ತುರುಕಿಕೊಂಡೆ. ಅಂಥ ಕಹಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಿವಿಯ ಬುಡದವರೆಗೂ ಹತ್ತಿತು, ಕಣ್ಣಲ್ಲಿ ನೀರು ತುಂಬಿತು. ಉಗಿದರೆ ಅತ್ತೆಯ ಕಥೆ ಅಲ್ಲೇ ಮುಗಿಯಿತು. ಈ ಸಲ ಎಲ್ಲರೂ ಅತ್ತೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಅಗಿದೆ. ನುಂಗಿದೆ.

"ಸಿಹಿ ಚಿಕ್ಕತ್ತೆ. ಇನ್ನೊಂದ್ ಹೋಳು ಕೊಡಿ" ಎಂದೆ.

ಚಿಕ್ಕತ್ತೆಯ ಮುಖದ ಗೆಲುವು ಹಾಗೇ ಸತ್ತುಹೋಯಿತು. "ನುಂಗಿದ್ಯಾ?" ಎಂದರು. ನಾನು ತಲೆಯಾಡಿಸಿ ಇನ್ನೊಂದು ಹೋಳಿಗೆ ಕೈ ಹಾಕಿದೆ. ಪಟ್ಟನೆ ನನ್ನ ಕೈ ಮೇಲೆ ಹೊಡೆದರು. ಎಲೆ, ಹೋಳು ಎಲ್ಲ ಮಣ್ಣುಪಾಲಾಯಿತು.

"ಅಯ್ಯೋ ಪಾಪಿ ಮುಂಡೇದೇ! ವಿಷ ಕಣೇ ಅದು! ಬೆಳಗ್ಗೆನೇ ನಾನು ತಿಂದು ನೋಡಿದ್ದೀನಿ. ಹೊಟ್ಟೇಲಿ ಮಗು ಇಟ್ಕೊಂಡು ನುಂಗ್ತಾರೇನೇ! ಕಕ್ಕೇ, ಕಕ್ಕೇ!"

ನನ್ನ ಜುಟ್ಟು ಹಿಡಿದು ಬಗ್ಗಿಸಿ ಗಂಟಲೊಳಗೆ ಬೆರಳು ಹಾಕಿದರು. ಯಾರೋ ಉಪ್ಪುನೀರು ತಂದರು. ಕುಡಿಸಿದರು, ಕಕ್ಕಿಸಿದರು, ಮತ್ತೆ ಕುಡಿಸಿದರು. ನನ್ನ ಕರುಳೇ ಈಚೆ ಬಂದಂತಾಯಿತು. ಅಷ್ಟರಲ್ಲಿ ಎರಡು ತಣ್ಣನೆಯ ಅಂಗೈಗಳು ನನ್ನ ಹಣೆಯನ್ನು ಹಿಡಿದುಕೊಂಡವು. ಅವು ಅತ್ತೆಯವು. ಹಾಗೆ ಹಿಡಿದುಕೊಂಡೇ ಅವರು ಮಾತಾಡಿದರು. ನನಗೆ ಅವರ ಪಾದಗಳು ಮಾತ್ರ ಕಾಣುತ್ತಿದ್ದವು.

"ನನ್ ನಾಲಿಗೆ ಸತ್ತೋಗಿದೆ ಕಣ್ರೇ. ಜ್ವರ ಬಂದಾಗ್ಲೇ ಸತ್ತೋಯ್ತು. ಈ ಮಗು ನಾಲಿಗೆ ಇಟ್ಕೊಂಡು ಊರೆಲ್ಲ ತಿರುಗಿದ್ದೀನಿ."

ಕಪಿಲೆ ನಿಂತಿತ್ತು. ಚಿಕ್ಕತ್ತೆ ಅಲ್ಲೇ ಮಣ್ಣಿನಲ್ಲಿ ಕೂತು ಅಳತೊಡಗಿದರು. "ನಿನ್ನ ಬಾಯಿ ನೋಡೋಣ ಅಂತ ಮಾಡ್ದೆ ಅಕ್ಕಾ. ನಿನ್ನ ಮಾನ ತೆಗೀಬೇಕು ಅಂತಾನೇ ಮಾಡ್ದೆ. ಇವ್ಳು ಹಿಂಗೆ ಮಾಡ್ತಾಳೆ ಅಂತ ನಂಗೇನ್ ಗೊತ್ತು."

ಆಮೇಲಿನ ದಿನಗಳು ಶತ್ರುವಿಗೂ ಬೇಡ. ನನಗೆ ಭೇದಿ, ನುಲಿತ. ಅದಕ್ಕಿಂತ ಹೆಚ್ಚಾಗಿ, ಆಗಷ್ಟೇ ಹೊಟ್ಟೆಯೊಳಗೆ ಮಿಸುಕಾಡಲು ಶುರುಮಾಡಿದ್ದ ಮಗು ಸುಮ್ಮನಾಗಿಬಿಟ್ಟಿತ್ತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಕಾಯ್ಬೇಕು" ಎಂದಷ್ಟೇ ಹೇಳಿ ಹೋದಳು. ಯಜಮಾನರು ತಾಯಿಯೊಡನೆ ಮಾತು ಬಿಟ್ಟರು. ಮಾವ ಜಗಲಿಯಿಂದ ಒಳಗೇ ಬರಲಿಲ್ಲ. ಅತ್ತೆ ನನ್ನ ಪಕ್ಕದಲ್ಲಿ ಗೋಡೆಗೊರಗಿ ಕೂತಿರುತ್ತಿದ್ದರು, ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ. ಪಾಲಾದ ಮೇಲೆ ನಮ್ಮ ಹೊಸಿಲು ತುಳಿಯದಿದ್ದ ಚಿಕ್ಕತ್ತೆ ಬೆಳಗಾದರೆ ಮಜ್ಜಿಗೆ ತಂದು, ನನ್ನ ತಲೆ ಎತ್ತಿ ಕುಡಿಸಿ, ಅತ್ತೆಯ ಎದುರು ಕೂರುತ್ತಿದ್ದರು. ಇಬ್ಬರೂ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು. ನನಗೆ ಇಬ್ಬರ ಮೇಲೂ ಕೆಟ್ಟ ಕೋಪವಿತ್ತು. ಒಬ್ಬರು ಬಲೆ ಹಾಕಿದರು, ಇನ್ನೊಬ್ಬರು ನನ್ನನ್ನು ಅದರೊಳಕ್ಕೆ ನಡೆಸಿಕೊಂಡು ಹೋದರು ಎನಿಸುತ್ತಿತ್ತು. ಮಗು ಹೋದರೆ ಇವರಿಬ್ಬರ ಮುಖವನ್ನೂ ಜನ್ಮದಲ್ಲಿ ನೋಡುವುದಿಲ್ಲ ಎಂದು ಶಪಥ ಮನಸ್ಸಿನಲ್ಲೇ ಮಾಡಿಕೊಂಡಿದ್ದೆ.

ಒಂದು ಮಧ್ಯಾಹ್ನ ಚಿಕ್ಕತ್ತೆ ನನ್ನ ಹೊಟ್ಟೆಗೆ ಹರಳೆಣ್ಣೆ ಸವರುತ್ತಿದ್ದರು. ಅವರ ಕೈ ಇದ್ದಕ್ಕಿದ್ದಂತೆ ನಿಂತಿತು. "ಅಕ್ಕಾ" ಎಂದರು, ಉಸಿರು ಕಟ್ಟಿದವರ ಹಾಗೆ. ಅತ್ತೆಯ ಕೈಯನ್ನು ಎಳೆದು ತಮ್ಮ ಕೈ ಇದ್ದ ಜಾಗದಲ್ಲಿ ಇಟ್ಟರು. ಒಳಗಿನಿಂದ ಮಗು ಒದ್ದದ್ದು ನನಗೂ ಗೊತ್ತಾಯಿತು. ಮೂವರೂ ಒಟ್ಟಿಗೆ ಅತ್ತೆವು. ನನ್ನ ಶಪಥ ಅಲ್ಲಿಗೇ ಮುಗಿಯಿತು.

ಅತ್ತೆ ಅವತ್ತು ಎದ್ದು ಮುಖ ತೊಳೆದುಕೊಂಡರು. ಬೀಜದ ಬಳ್ಳಿಗೆ ಕಟ್ಟುವ ಸೀರೆಯಂಚಿನ ಗಂಟನ್ನು ಅಟ್ಟದಿಂದ ತೆಗೆದು ಚಿಕ್ಕತ್ತೆಯ ಮಡಿಲಿಗೆ ಹಾಕಿದರು. "ಮಿಕ್ಕ ಬಳ್ಳಿ ನೀನು ನೋಡ್ಕೊಂಡ್ ಬಾ" ಎಂದರು. ಚಿಕ್ಕತ್ತೆ ಗಂಟನ್ನು ಮುಟ್ಟಲೂ ಹೆದರಿದರು. "ಕಹಿ ಬೀಜ ತಂದವಳೇ ನಾನು. ನನ್ ಮಾತು ಯಾರ್ ಕೇಳ್ತಾರಕ್ಕಾ?" ಎಂದರು. "ನಿನ್ ಬಳ್ಳೀನ ನೀನೇ ಕಹಿ ಅಂದ್ಯಲ್ಲ, ಎಲ್ರೆದುರಿಗೂ. ಅದನ್ನ ಅವ್ರೂ ಕೇಳವ್ರೆ. ಹೋಗು" ಎಂದರು ಅತ್ತೆ. ಚಿಕ್ಕತ್ತೆ ಹೋದರು. ಮೊದಲು ಬೇಲಿಯ ಮೇಲಿನ ಬುರುಡೆ ಬಳ್ಳಿಗಳನ್ನು, ಕಾಯಿ ಬಲಿಯುವ ಮೊದಲೇ, ತಾವೇ ಕಿತ್ತು ಬೆಂಕಿಗೆ ಹಾಕಿ, ಆಮೇಲೆ ಬೇರೆಯವರ ತೋಟಕ್ಕೆ ಕಾಲಿಟ್ಟರಂತೆ. ಲಾರಿಗೆ ಹೋದ ಕಾಯಿಯಲ್ಲಿ ಒಂದಾದರೂ ಕಹಿ ಬಂತೆಂದು ಆ ವರ್ಷ ನಾವು ಕೇಳಲಿಲ್ಲ.

ಮುಂಗಾರಿನಲ್ಲಿ ಹೆಣ್ಣುಮಗು ಹುಟ್ಟಿತು. ಕೈಕಾಲು ಎಲ್ಲ ನೆಟ್ಟಗಿದ್ದದ್ದನ್ನು ಅತ್ತೆ ಮತ್ತೆ ಮತ್ತೆ ಮುಟ್ಟಿ ನೋಡಿದರು. ಮತ್ತೆ ಪುಷ್ಯ ಬಂತು, ಹಂದರದಲ್ಲಿ ಎಳೆಗಾಯಿ ಇಳಿಬಿದ್ದವು. ಒಂದು ಬೆಳಗ್ಗೆ ಮಗುವಿಗೆ ರಾಗಿ ಸರಿ ಕಾಯಿಸಿ ಅತ್ತೆಯ ಕೈಗೆ ಬಟ್ಟಲು ಕೊಟ್ಟೆ. ಬಿಸಿ ಎಷ್ಟಿದೆ ಎಂದು ಅವರು ಬೆರಳ ತುದಿಯಲ್ಲಿ ನೆಕ್ಕಿ ನೋಡಿದರು.

"ಜಯಾ, ತಳ ಹಿಡಿದದೆ ಕಣೇ. ಸೀದೋಗಿದೆ. ಮಗು ಕುಡಿಯಲ್ಲ, ಬೇರೆ ಕಾಯಿಸು" ಎಂದರು.

ಬಟ್ಟಲು ಈಸಿಕೊಳ್ಳಲು ಕೈ ಚಾಚಿದವಳು ಹಾಗೇ ನಿಂತೆ. ಹೇಳಿಬಿಟ್ಟ ಮೇಲೆ ಅವರಿಗೂ ಗೊತ್ತಾಯಿತು. ಮಗುವಿನ ತಲೆ ಸವರುತ್ತಾ ಕಣ್ಣು ತಪ್ಪಿಸಿದರು.

"ಯಾವಾಗಿಂದ ಅತ್ತೆ?"

"ಗೌರಿ ಹಬ್ಬದ ಹೊತ್ತಿಗೇ ಬಂತು. ಈಗ ಎಲ್ಲಾ ಗೊತ್ತಾಗುತ್ತೆ."

ನನಗೆ ಖುಷಿ ತಡೆಯಲಾಗಲಿಲ್ಲ. ಹೊರಗೆ ಚಿಕ್ಕತ್ತೆ ತೋಟಕ್ಕೆ ಹೊರಡಲು ಹೆಂಗಸರನ್ನು ಕೂಗುತ್ತಿದ್ದ ಸದ್ದು ಕೇಳಿಸುತ್ತಿತ್ತು. "ಈಗ್ಲೇ ಹೇಳ್ತೀನಿ ಇರಿ, ಇವತ್ತೇ ನೀವು ಬಳ್ಳಿ ನೋಡ್ಬಹುದು" ಎಂದು ಬಾಗಿಲಿಗೆ ಓಡಿದೆ. ಅತ್ತೆ ನನ್ನ ಸೆರಗನ್ನು ಹಿಡಿದು ಎಳೆದರು.

"ಹೇಳ್ಬೇಡ. ಯಾವತ್ತೂ ಹೇಳ್ಬೇಡ."

"ಯಾಕತ್ತೆ? ಕಾಯಿಲೆಗೆ ನಾಲಿಗೆ ಸತ್ತಿತ್ತು. ಈಗ ವಾಸಿಯಾಯ್ತಲ್ಲ."

"ರುಚಿ ಹೋಗಿದ್ದು ಕಾಯಿಲೆಗೆ ಕಣಮ್ಮ" ಎಂದರು ಅತ್ತೆ. "ಸಿಹಿ ಅಂತ ಹೇಳಿದ್ದು ಕಾಯಿಲೆಗಲ್ಲ."

ಮಗುವನ್ನು ನನ್ನ ಕೈಗೆ ಕೊಟ್ಟರು. ಒಂದು ತಂಬಿಗೆಯಲ್ಲಿ ನೀರು ತುಂಬಿಕೊಂಡು, ಅಂಗಳ ದಾಟಿ, ಹೆಂಗಸರ ಗುಂಪಿನ ಕೊನೆಯಲ್ಲಿ ಹೋಗಿ ಸೇರಿಕೊಂಡರು. ಆಮೇಲೆ ಬದುಕಿದ್ದಷ್ಟು ವರ್ಷವೂ ಪ್ರತಿ ಪುಷ್ಯದಲ್ಲಿ ಚಿಕ್ಕತ್ತೆ ಬಳ್ಳಿ ನೋಡಿ ಉಗಿದಾಗಲೆಲ್ಲ, ಬಾಯಿ ಮುಕ್ಕಳಿಸಲು ಅವರ ಅಂಗೈಗೆ ನೀರು ಬಿಡುತ್ತಿದ್ದವರು ನಮ್ಮ ಅತ್ತೆಯೇ.